ಜೋಳ ಅಂದರೆ ಯಾವ ಜೋಳ?

(ರಾಜ್ಯೋತ್ಸವದ ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಕಾರನಲ್ಲ. ಅಚ್ಚುಕೂಟದವನು. ನಿಮ್ಮ ಕರಪತ್ರ, ಭಿತ್ತಿಪತ್ರ, ರಸೀದಿ ಪುಸ್ತಕ ಅಚ್ಚು ಹಾಕಿಕೊಡುವವನು. ನಾಮಫಲಕದ ಬಗ್ಗೆ, ಉದ್ಯೋಗದ ಬಗ್ಗೆ, ನದಿ ನೀರಿನ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ಈ ವೇದಿಕೆಯಲ್ಲಿ ಇದ್ದಾರೆ. ಅಂಗಡಿಯ ಮೇಲೆ ಕನ್ನಡದ ಬೋರ್ಡು ಇಲ್ಲದಿದ್ದರೆ ನಿಮ್ಮ ಕಣ್ಣಿಗೆ ತಕ್ಷಣ ಬೀಳುತ್ತದೆ, ನೀವು ಹೋಗಿ ಕೇಳುತ್ತೀರಿ. ಆದರೆ ಕನ್ನಡದ ಬೋರ್ಡು ಇಲ್ಲ ಅನ್ನುವುದೇ ನಮಗೆ ಗೊತ್ತಾಗದ ಒಂದು ಜಾಗ ಇದೆ. ಅದು ವಿಜ್ಞಾನದ ಮಾಹಿತಿಯ ಉಗ್ರಾಣ. ಇವತ್ತು ನಾನು ಆ ಉಗ್ರಾಣದ ಬಾಗಿಲ ಬಳಿ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ.

ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ವಿಜಯಪುರದ ಕಡೆಯವರೊಬ್ಬರು ಜೋಳದ ಬೇಸಾಯದ ಕೈಪಿಡಿ ಅಚ್ಚು ಹಾಕಿಸಲು ಬಂದರು. 2000 ಪ್ರತಿ. ಮುಖಪುಟಕ್ಕೆ ಒಂದು ಒಳ್ಳೆಯ ಚಿತ್ರ ಹಾಕಿ ಎಂದರು. ನಮ್ಮ ಹುಡುಗ ಹುಡುಕಿ ಒಂದು ಚಿತ್ರ ಹಾಕಿದ. ಹಸಿರು ಸಿಪ್ಪೆ, ಹಳದಿ ಕಾಳು, ನೋಡಲು ಬಹಳ ಚೆಂದ. ಬೆಂಗಳೂರಿನವರಿಗೆ ಜೋಳ ಅಂದರೆ ಮಳೆ ಬಿದ್ದಾಗ ತಳ್ಳುಗಾಡಿಯಲ್ಲಿ ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ನಿಂಬೆಹಣ್ಣು ಉಜ್ಜಿ ಕೊಡುತ್ತಾರಲ್ಲ, ಅದೇ. ನಾನೂ ಒಪ್ಪಿದೆ. ಒಳಪುಟಗಳ ಪ್ರೂಫ್ ತೋರಿಸಿದ್ದೆ, ಮುಖಪುಟದ್ದು ತೋರಿಸಿರಲಿಲ್ಲ. ಅವರು ಬಂದು ನೋಡಿದವರೇ ತಲೆ ಮೇಲೆ ಕೈ ಹೊತ್ತುಕೊಂಡರು. “ಏನ್ರೀ ಇದು? ನಾವು ರೊಟ್ಟಿ ಜ್ವಾಳದ್ದು ಬರದೀವಿ, ನೀವು ಗೋವಿನ ಜ್ವಾಳ ಹಾಕೀರಲ್ರೀ!”

2000 ಮುಖಪುಟ ವ್ಯರ್ಥವಾಯಿತು. ಇಬ್ಬರೂ ಕನ್ನಡಿಗರು, ಇಬ್ಬರೂ ಆಡಿದ್ದು ಒಂದೇ ಪದ, ಆದರೆ ಇಬ್ಬರ ತಲೆಯಲ್ಲಿದ್ದ ಬೆಳೆ ಬೇರೆ. ಅವರ ಜೋಳ ಆಫ್ರಿಕಾ ಖಂಡದಲ್ಲಿ ಹುಟ್ಟಿ, ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ಒಣಭೂಮಿಗೆ ಬಂದದ್ದು. ನನ್ನ ಜೋಳ, ಅಂದರೆ ಮುಸುಕಿನ ಜೋಳ, ಅಮೆರಿಕ ಖಂಡದಿಂದ ಈಚೆಗೆ ಬಂದದ್ದು. ನಾಚಿಕೆಪಡಬೇಕಾಗಿಲ್ಲ. ಇಂಗ್ಲಿಷಿನವರಿಗೂ ಇದೇ ಕಷ್ಟ. ಕಾರ್ನ್ ಅಂದರೆ ಅಮೆರಿಕದಲ್ಲಿ ಮುಸುಕಿನ ಜೋಳ. ಇಂಗ್ಲೆಂಡಿನ ಹಳೆಯ ಬರಹಗಳಲ್ಲಿ ಗೋಧಿ, ಬಾರ್ಲಿ ಸೇರಿ ಎಲ್ಲ ಧಾನ್ಯವೂ ಕಾರ್ನ್.

ಉಲ್ಟಾ ಕಷ್ಟವೂ ಇದೆ. ಬಸವನಗುಡಿ ಪರಿಷೆಯಲ್ಲಿ ನೀವು ಕೊಳ್ಳುವುದು ಕಡಲೆಕಾಯಿ. ಧಾರವಾಡದಲ್ಲಿ ಅದು ಶೇಂಗಾ. ಕರಾವಳಿಯಲ್ಲಿ ನೆಲಗಡಲೆ. ವಸ್ತು ಒಂದೇ, ಹೆಸರು ಮೂರು. ಮನುಷ್ಯನಾದರೆ ಕೇಳಿ ತಿಳಿದುಕೊಳ್ಳುತ್ತಾನೆ. ಕಂಪ್ಯೂಟರಿಗೆ ಏನು ಗೊತ್ತು? ಅದು ನಮ್ಮ ಪ್ರೆಸ್ಸಿನ ಹುಡುಗನಿಗಿಂತ ದಡ್ಡ. ಶೇಂಗಾ ಎಂದು ಹುಡುಕಿದರೆ ಅಕ್ಷರ ಹೊಂದುವುದನ್ನು ಮಾತ್ರ ತೆಗೆದುಕೊಡುತ್ತದೆ. ಕಡಲೆಕಾಯಿ ಎಂದು ಬರೆದ ಹತ್ತು ವರ್ಷದ ಲೆಕ್ಕ ಪಕ್ಕದಲ್ಲೇ ಇದ್ದರೂ ಅದಕ್ಕೆ ಕಾಣುವುದಿಲ್ಲ.

ಈಗ ಇದನ್ನು ಇಡೀ ಜಗತ್ತಿಗೆ ಹಿಗ್ಗಿಸಿ ನೋಡಿ. ನಮ್ಮ ರೊಟ್ಟಿ ಜೋಳ ಹಿಂದಿಯಲ್ಲಿ ಜ್ವಾರ್, ತೆಲುಗಿನಲ್ಲಿ ಜೊನ್ನ, ತಮಿಳಿನಲ್ಲಿ ಚೋಳಂ, ಸ್ವಾಹಿಲಿಯಲ್ಲಿ ಮ್ತಾಮ, ಸುಡಾನಿನಲ್ಲಿ ದುರಾ, ಚೀನಾದಲ್ಲಿ ಗಾವೊಲಿಯಾಂಗ್. ವಿಜ್ಞಾನಿಗಳು ಲ್ಯಾಟಿನ್ ಹೆಸರು ಇಟ್ಟುಕೊಂಡಿದ್ದಾರಲ್ಲ ಎಂದು ನೀವು ಕೇಳಬಹುದು. ಅದೂ ಒಂದೇ ಆಗಿ ಉಳಿದಿಲ್ಲ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಹೋಲ್ಕಸ್ ಸಾರ್ಗಮ್. ಆಮೇಲೆ ಸಾರ್ಗಮ್ ಬೈಕಲರ್ ಆಯಿತು. ನಡುವೆ ಬಹಳ ಕಾಲ ಸಾರ್ಗಮ್ ವಲ್ಗೇರ್ ಎಂದೂ ಬರೆದರು. ಹಳೆಯ ಪ್ರಬಂಧಗಳೆಲ್ಲ ಆ ಹಳೆಯ ಹೆಸರಿನಲ್ಲೇ ಕೂತಿವೆ. ಹೊಸ ಹೆಸರಿನಲ್ಲಿ ಹುಡುಕುವವನಿಗೆ ಅವು ಸಿಗುವುದಿಲ್ಲ.

ಹಾಗಾದರೆ ದಾರಿ ಏನು? ನಮ್ಮ ರೈತರೇ ತೋರಿಸಿದ್ದಾರೆ. ಹಿಂಗಾರಿ ಜೋಳದಲ್ಲಿ ಹೆಸರಾದ ಒಂದು ತಳಿಯನ್ನು ಉತ್ತರ ಕರ್ನಾಟಕದ ರೈತ ಮಾಲದಂಡಿ ಎನ್ನುತ್ತಾನೆ. ಅದಕ್ಕೇ ವಿಜ್ಞಾನಿ ಎಂ 35-1 ಎನ್ನುತ್ತಾನೆ. ಹೆಸರು ಊರಿಗೊಂದು ರೀತಿ ಬದಲಾಗಬಹುದು, ಎಂ 35-1 ಬದಲಾಗುವುದಿಲ್ಲ. ಜಗತ್ತಿನ ವಿಜ್ಞಾನಿಗಳು ಹಿಡಿದಿರುವ ದಾರಿಯೂ ಇದೇ. ಪ್ರತಿಯೊಂದು ವಸ್ತುವಿಗೆ, ಪ್ರತಿಯೊಂದು ವಿಚಾರಕ್ಕೆ ಒಂದು ಕಾಯಂ ನಂಬರು ಕೊಡುವುದು. ಆ ನಂಬರಿನ ಕೆಳಗೆ ಎಲ್ಲ ಭಾಷೆಯ ಎಲ್ಲ ಹೆಸರುಗಳನ್ನೂ ಪೋಣಿಸುವುದು.

ನಂಬರು ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಇನ್ನರ್ಧ, ಸಂಬಂಧ ಹೇಳುವುದು. ಜೋಳ ಒಂದು ಏಕದಳ ಧಾನ್ಯ. ಏಕದಳ ಧಾನ್ಯ ಒಂದು ಬೆಳೆ. ಸುಳಿನೊಣ ಒಂದು ಕೀಟ. ಸುಳಿನೊಣ ಜೋಳವನ್ನು ಕಾಡುತ್ತದೆ. ಈ ನಾಲ್ಕು ಮಾತನ್ನು ಕಂಪ್ಯೂಟರಿಗೆ ಒಮ್ಮೆ ಕಲಿಸಿಬಿಟ್ಟರೆ, ‘ಧಾನ್ಯಗಳಿಗೆ ಬರುವ ಕೀಟಗಳು’ ಎಂದು ನೀವು ಹುಡುಕಿದಾಗ ಅದು ಸುಳಿನೊಣದ ಪ್ರಬಂಧವನ್ನೂ ತಂದುಕೊಡುತ್ತದೆ. ಆ ಪ್ರಬಂಧದಲ್ಲಿ ಧಾನ್ಯ ಎನ್ನುವ ಪದವೇ ಇಲ್ಲದಿದ್ದರೂ ತರುತ್ತದೆ. ಯಾವುದು ಯಾವುದರ ಜಾತಿ, ಯಾವುದು ಯಾವುದರ ಭಾಗ, ಯಾವುದಕ್ಕೂ ಯಾವುದಕ್ಕೂ ನಂಟು ಎಂದು ಬರೆದಿಡುವ ಈ ಕೆಲಸಕ್ಕೆ ಜ್ಞಾನ ನಿರೂಪಣೆ ಎಂದು ದೊಡ್ಡ ಹೆಸರಿದೆ. ನನಗೆ ಅದು ಮೊಳೆ ಕೇಸಿನ ಹಾಗೆ ಕಾಣುತ್ತದೆ.

ನಮ್ಮ ತಂದೆಯ ಕಾಲದಲ್ಲಿ ಸೀಸದ ಮೊಳೆಗಳನ್ನು ಕೈಯಲ್ಲಿ ಜೋಡಿಸುತ್ತಿದ್ದರು. ಮರದ ಕೇಸಿನಲ್ಲಿ ಪ್ರತಿ ಅಕ್ಷರಕ್ಕೂ, ಪ್ರತಿ ಒತ್ತಕ್ಷರಕ್ಕೂ ಒಂದೊಂದು ಮನೆ. ಕಂಪೋಸಿಟರ್ ನೋಡದೆಯೇ ಕೈ ಹಾಕಿ ತೆಗೆಯುತ್ತಿದ್ದ. ಅಚ್ಚು ಮುಗಿದ ಮೇಲೆ ಇನ್ನೊಂದು ಕೆಲಸ ಇರುತ್ತಿತ್ತು. ಮೊಳೆ ಬಿಚ್ಚಿ, ತೊಳೆದು, ಒಂದೊಂದನ್ನೂ ಅದರದರ ಮನೆಗೆ ವಾಪಸ್ ಹಾಕುವುದು. ಯಾರಿಗೂ ಬೇಡವಾದ ಕೆಲಸ. ಆತುರಕ್ಕೆ ‘ದ’ ಮನೆಗೆ ‘ಧ’ ಹಾಕಿದರೆ ಅವತ್ತು ಯಾರಿಗೂ ತೊಂದರೆಯಿಲ್ಲ. ನಾಳೆ ಕೆಲಸಕ್ಕೆ ಕೂರುವವನ ಪುಟವೆಲ್ಲ ತಪ್ಪು. ವಿಜ್ಞಾನದ ಅಂಕಿಅಂಶವೂ ಹೀಗೆಯೇ ಗೆಳೆಯರೆ. ತನ್ನ ಪ್ರಬಂಧ ಮುಗಿದ ಮೇಲೆ ವಿಜ್ಞಾನಿ ತನ್ನ ಲೆಕ್ಕವನ್ನು ಸರಿಯಾದ ಮನೆಗೆ ಹಾಕಿ ಹೋದರೆ ಮುಂದಿನವನು ಬಳಸುತ್ತಾನೆ. ಇಲ್ಲವಾದರೆ ಅದು ಬೀರುವಿನಲ್ಲಿ ಗೆದ್ದಲಿನ ಪಾಲು.

ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. 1999ರ ಸೆಪ್ಟೆಂಬರ್ 23ರಂದು ಅಮೆರಿಕದ ನಾಸಾ ಕಳಿಸಿದ್ದ ಒಂದು ನೌಕೆ ಮಂಗಳ ಗ್ರಹದ ಹತ್ತಿರ ಹೋಗಿ ನಾಶವಾಯಿತು. ಕಾರಣ ಏನು? ಒಂದು ತಂಡದ ಲೆಕ್ಕ ಪೌಂಡಿನಲ್ಲಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದು ಓದಿಕೊಂಡಿತು. ಅಂಕಿ ಇತ್ತು, ಅಳತೆಯ ಹೆಸರು ಜೊತೆಗಿರಲಿಲ್ಲ. ನಮ್ಮಲ್ಲಿ ಎಕರೆಗೆ ಇಪ್ಪತ್ತು ಚೀಲ ಎನ್ನುತ್ತೇವಲ್ಲ, ಎಷ್ಟು ಕಿಲೋ ಚೀಲ ಎಂದು ಬರೆಯುತ್ತೇವೆಯೇ?

ಇನ್ನೊಂದು ತಮಾಷೆ ಕೇಳಿ. ಮನುಷ್ಯನ ದೇಹದ ಒಂದು ಜೀನ್‌ಗೆ ವಿಜ್ಞಾನಿಗಳು ‘ಮಾರ್ಚ್ 1’ ಎಂದು ಚುಟುಕು ಹೆಸರು ಇಟ್ಟಿದ್ದರು. ಎಕ್ಸೆಲ್ ಹಾಳೆಯಲ್ಲಿ ಅದನ್ನು ಟೈಪ್ ಮಾಡಿದರೆ ಅದು ಮಾರ್ಚ್ ತಿಂಗಳ ಒಂದನೇ ತಾರೀಖು ಆಗಿಬಿಡುತ್ತಿತ್ತು! ಜೀನ್‌ಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಕೊಟ್ಟ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರೊಳಗೆ ಇಂಥ ತಪ್ಪುಗಳಿವೆ ಎಂದು 2016ರಲ್ಲಿ ಒಂದು ಅಧ್ಯಯನ ತೋರಿಸಿತು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು.

ಇದೇ ಜೀನ್ ವಿಜ್ಞಾನಿಗಳು ಒಂದು ಒಳ್ಳೆಯ ಕೆಲಸವನ್ನೂ ಮಾಡಿದ್ದಾರೆ. ಹಣ್ಣಿನ ನೊಣವನ್ನು ಓದುವವರು, ಇಲಿಯನ್ನು ಓದುವವರು, ಬ್ರೆಡ್ಡಿನ ಯೀಸ್ಟನ್ನು ಓದುವವರು, ಹೀಗೆ ಮೂರು ಪಂಗಡ. ಒಂದೇ ಕೆಲಸ ಮಾಡುವ ಜೀನನ್ನು ಮೂವರೂ ಮೂರು ರೀತಿ ಬಣ್ಣಿಸುತ್ತಿದ್ದರು. ಒಬ್ಬರ ಶೋಧ ಇನ್ನೊಬ್ಬರಿಗೆ ಮುಟ್ಟುತ್ತಿರಲಿಲ್ಲ. 1998ರಲ್ಲಿ ಮೂರೂ ಪಂಗಡ ಸೇರಿ ಜೀನ್ ಆಂಟಾಲಜಿ ಎಂಬ ಒಂದೇ ಪಟ್ಟಿ ಶುರು ಮಾಡಿದವು. ಜೀನ್ ಮಾಡುವ ಕೆಲಸ ಏನು, ಅದು ಯಾವ ಪ್ರಕ್ರಿಯೆಗೆ ಸೇರಿದ್ದು, ಜೀವಕೋಶದ ಯಾವ ಭಾಗದಲ್ಲಿ ಅದು ನಡೆಯುತ್ತದೆ, ಈ ಮೂರು ಪ್ರಶ್ನೆಗೆ ಎಲ್ಲರೂ ಒಂದೇ ನಂಬರಿನಲ್ಲಿ ಉತ್ತರ ಬರೆಯತೊಡಗಿದರು. ಈಗ ನೊಣದಲ್ಲಿ ಕಂಡದ್ದು ಮನುಷ್ಯನ ಕಾಯಿಲೆ ಓದುವವನಿಗೆ ಕ್ಷಣದಲ್ಲಿ ಸಿಗುತ್ತದೆ. 2016ರಲ್ಲಿ ವಿಜ್ಞಾನಿಗಳ ಗುಂಪೊಂದು ಎಲ್ಲ ಶಾಸ್ತ್ರಗಳಿಗೂ ಅನ್ವಯಿಸುವ ನಾಲ್ಕು ಸೂತ್ರಗಳನ್ನು ಪ್ರಕಟಿಸಿತು. ಮಾಹಿತಿ ಹುಡುಕಿದರೆ ಸಿಗಬೇಕು. ಸಿಕ್ಕಿದ್ದನ್ನು ಪಡೆಯುವ ದಾರಿ ಇರಬೇಕು. ಬೇರೆಯವರ ಮಾಹಿತಿಯ ಜೊತೆ ಕೂಡಿಕೊಳ್ಳಬೇಕು. ಮತ್ತೊಬ್ಬ ಮತ್ತೆ ಬಳಸುವಂತಿರಬೇಕು.

ಇದೆಲ್ಲ ವಿದೇಶದವರ ಬುದ್ಧಿ ಎಂದು ಯಾರೂ ಹೇಳಬೇಡಿ. ಈ ವಿದ್ಯೆಯ ಹಿರಿಯರಲ್ಲಿ ಒಬ್ಬರು ನಮ್ಮ ಬೆಂಗಳೂರಿನಲ್ಲಿ ಬಾಳಿದವರು. ಎಸ್. ಆರ್. ರಂಗನಾಥನ್. ಮೂಲತಃ ಗಣಿತದ ಮೇಷ್ಟರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಪದ್ಧತಿ ಪ್ರಕಟಿಸಿದರು. ಒಂದು ವಿಷಯವನ್ನು ಒಂದೇ ಗೂಡಿಗೆ ತುರುಕುವ ಬದಲು ಮುಖ ಮುಖವಾಗಿ ಬಿಡಿಸಿದರು. ಮುಖ್ಯ ವಸ್ತು ಏನು, ದ್ರವ್ಯ ಏನು, ಕ್ರಿಯೆ ಏನು, ಯಾವ ದೇಶ, ಯಾವ ಕಾಲ. 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. 1972ರಲ್ಲಿ ಇಲ್ಲೇ ತೀರಿಕೊಂಡರು. ಸಾಫ್ಟ್‌ವೇರ್ ನಗರ ಎಂದು ಎದೆ ತಟ್ಟಿಕೊಳ್ಳುವ ನಮ್ಮಲ್ಲಿ ಎಷ್ಟು ಜನರಿಗೆ ಈ ಹೆಸರು ಗೊತ್ತು? ಕೈ ಎತ್ತಿ ನೋಡೋಣ!

ದೇಶ ಮತ್ತು ಕಾಲ ಎಂದರಲ್ಲ, ಅದು ನಮ್ಮ ಚಳವಳಿಗೂ ಸಂಬಂಧಪಟ್ಟದ್ದು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಕಲಬುರಗಿ, ವಿಜಯಪುರ ಸೇರಿ 12 ಊರುಗಳ ಹೆಸರು ಅಧಿಕೃತವಾಗಿ ಕನ್ನಡದ ರೂಪಕ್ಕೆ ಬಂತು. ನಾವು ಹಬ್ಬ ಮಾಡಿದೆವು. ಮಾಡಬೇಕಾದ್ದೇ. ಆದರೆ ಮಳೆಯ ಲೆಕ್ಕ ಇಟ್ಟಿರುವ ಕಂಪ್ಯೂಟರಿಗೆ ಗುಲ್ಬರ್ಗ ಒಂದು ಊರು, ಕಲಬುರಗಿ ಇನ್ನೊಂದು ಊರು. 2014ರ ಹಿಂದಿನ ಮಳೆಗೂ ಮುಂದಿನ ಮಳೆಗೂ ನಂಟೇ ಇಲ್ಲ. ಬಿಜಾಪುರ ಎಂದು ಹುಡುಕಿದರೆ ಛತ್ತೀಸಗಡದಲ್ಲೂ ಒಂದು ಬಿಜಾಪುರ ಜಿಲ್ಲೆ ಸಿಗುತ್ತದೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಅದಕ್ಕೂ ಹಿಂದಿನ ಬಳ್ಳಾರಿಯ ಬೆಳೆ ಲೆಕ್ಕ, ಈಗಿನ ಬಳ್ಳಾರಿಯ ಬೆಳೆ ಲೆಕ್ಕ ಒಂದೇ ನೆಲದ್ದಲ್ಲ. ಹೆಸರು ಬದಲಿಸಬಾರದು ಎಂದು ನಾನು ಹೇಳುತ್ತಿದ್ದೇನೆಯೇ? ಖಂಡಿತ ಇಲ್ಲ! ಹೆಸರು ನಮ್ಮ ಹಕ್ಕು. ಆದರೆ ಹೆಸರಿನ ಕೆಳಗೆ ಬದಲಾಗದ ಒಂದು ನಂಬರು ಇರಬೇಕು, ಯಾವ ತಾರೀಖಿನಿಂದ ಯಾವ ಗಡಿ ಎಂದು ಬರೆದಿರಬೇಕು. ಸರ್ಕಾರ ಹಳ್ಳಿಗಳಿಗೆ, ಜಿಲ್ಲೆಗಳಿಗೆ ಇಂಥ ಸಂಕೇತ ಸಂಖ್ಯೆ ಕೊಟ್ಟಿದೆ. ಅದನ್ನು ಬಳಸಿದರೆ ಹೊಸ ಕನ್ನಡ ಹೆಸರಿನಿಂದ ಒಂದು ಅಂಕಿಯೂ ಕಳೆದುಹೋಗುವುದಿಲ್ಲ. ಹೆಸರು ಬದಲಾದರೆ ದಾಖಲೆ ಕೆಡುತ್ತದೆ ಎಂದು ಮೂಗು ಮುರಿಯುವವರಿಗೆ ಇದೇ ನಮ್ಮ ಉತ್ತರ.

ಹೆಸರುಗಳು ಒಂದನ್ನೊಂದು ಗುರುತಿಸಿದರೆ ಏನು ಲಾಭ ಎಂದು ಕೇಳುತ್ತೀರಾ? ನಿಮ್ಮ ಮನೆಯ ಮುದ್ದೆಯನ್ನು ಕೇಳಿ. ಮಂಡ್ಯದ ವಿ. ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಹೊಸ ತಳಿಗಳನ್ನು ತಂದರು. ಅವೇ ಇಂಡಾಫ್ ತಳಿಗಳು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ಇಥಿಯೋಪಿಯಾದವರು ಡಾಗುಸಾ ಎನ್ನುವುದೂ ನಾವು ರಾಗಿ ಎನ್ನುವುದೂ ಒಂದೇ ಧಾನ್ಯ ಎಂದು ತಿಳಿದವರು ಇದ್ದದ್ದರಿಂದ ಇಂಥ ಕೆಲಸ ಸಾಧ್ಯವಾಯಿತು. ಅದೇ ನೇಪಾಳದಲ್ಲಿ ರಾಗಿಗೆ ಕೋದೋ ಎನ್ನುತ್ತಾರೆ. ಹಿಂದಿಯ ಕೋದೋ ಬೇರೆ ಧಾನ್ಯ, ನಮ್ಮ ಹಾರಕ. ಬರೀ ಹೆಸರು ನಂಬಿ ಬೀಜ ತರಿಸಿದ್ದರೆ ಏನಾಗುತ್ತಿತ್ತು?

ಇವತ್ತಿನ ಪ್ರಶ್ನೆಗಳು ಇನ್ನೂ ಕಷ್ಟದವು. ಮಳೆ ಕಡಿಮೆಯಾದ ವರ್ಷ ರಾಗಿಯ ಸುಣ್ಣದ ಅಂಶ ಏನಾಗುತ್ತದೆ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ ಎಂದು ಆಹಾರ ಶಾಸ್ತ್ರದವರು ಹೇಳುತ್ತಾರೆ. ಮಳೆಯ ಲೆಕ್ಕ ಹವಾಮಾನದವರ ಬಳಿ. ಮಣ್ಣಿನ ಲೆಕ್ಕ ಮಣ್ಣಿನ ಪ್ರಯೋಗಾಲಯದ ಬಳಿ. ತಳಿಯ ಲೆಕ್ಕ ಕೃಷಿ ವಿಶ್ವವಿದ್ಯಾನಿಲಯದ ಬಳಿ. ಒಬ್ಬರು ರಾಗಿ ಎಂದು ಬರೆದರೆ ಇನ್ನೊಬ್ಬರು ಫಿಂಗರ್ ಮಿಲೆಟ್, ಮತ್ತೊಬ್ಬರು ಎಲ್ಯೂಸಿನ್ ಕೊರಕಾನ. ಒಬ್ಬರು ತಾಲ್ಲೂಕು ಬರೆದರೆ ಇನ್ನೊಬ್ಬರು ಅಕ್ಷಾಂಶ ರೇಖಾಂಶ. ನಾಲ್ಕು ಬೀರುವಿನ ಬೀಗ ಒಂದೇ ಕೀಲಿಗೆ ತೆರೆಯುವಂತೆ ಮಾಡದಿದ್ದರೆ ಉತ್ತರ ಸಿಗುವುದಿಲ್ಲ. ಉತ್ತರ ಸಿಗದಿದ್ದರೆ ನಷ್ಟ ಯಾರಿಗೆ? ಬೆಳೆದವನಿಗೆ, ಉಣ್ಣುವ ಮಗುವಿಗೆ.

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ. ರೋಮ್ ನಗರದಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1980ರ ದಶಕದಿಂದ ಆಗ್ರೋವಾಕ್ ಎಂಬ ಪದಕೋಶ ನಡೆಸುತ್ತಿದೆ. ಬೆಳೆ, ಮಣ್ಣು, ರೋಗ, ಮೀನು, ಕಾಡು, ಎಲ್ಲ ಸೇರಿ 40 ಸಾವಿರಕ್ಕೂ ಹೆಚ್ಚು ವಿಚಾರಗಳಿಗೆ ನಂಬರು ಕೊಟ್ಟು, 40ಕ್ಕೂ ಹೆಚ್ಚು ಭಾಷೆಗಳ ಹೆಸರುಗಳನ್ನು ಅದರ ಕೆಳಗೆ ಪೋಣಿಸಿದ್ದಾರೆ. ಎಲ್ಲ ನಂಬರಿಗೂ ಎಲ್ಲ ಭಾಷೆಯ ಹೆಸರು ಇನ್ನೂ ತುಂಬಿಲ್ಲ, ದುಡಿದ ಭಾಷೆಯವರದು ತುಂಬಿದೆ. ಆ ಪಟ್ಟಿಯಲ್ಲಿ ಹಿಂದಿ ಇದೆ. ನಮ್ಮ ನೆರೆಯ ತೆಲುಗು ಇದೆ. ಕನ್ನಡದ ಮನೆ ಎಲ್ಲಿದೆ ಎಂದು ಇವತ್ತು ರಾತ್ರಿ ನೀವೇ ತೆರೆದು ನೋಡಿ. ನೋಡಿದ ಮೇಲೆ ನಿದ್ದೆ ಬಂದರೆ ಮಲಗಿ!

ತೆಲುಗಿನವರ ಮೇಲೆ ಕೂಗಾಡಬೇಡಿ. ಅವರ ಕೆಲಸ ಅವರು ಮಾಡಿದ್ದಾರೆ. ನಮ್ಮ ಕೆಲಸ ನಾವು ಮಾಡಿದ್ದೇವೆಯೇ? ಒಂದು ಪಾರಿಭಾಷಿಕ ಪದಕ್ಕೆ ನಾಲ್ಕು ಪಂಡಿತರು ನಾಲ್ಕು ಪದ ಕಟ್ಟುತ್ತಾರೆ. ಸಂಸ್ಕೃತದ್ದೇ ಸರಿ, ಅಚ್ಚಗನ್ನಡದ್ದೇ ಸರಿ ಎಂದು ಸಭೆಗಳಲ್ಲಿ ಜಗಳ ಆಡುತ್ತಾರೆ. ಜಗಳ ಮುಗಿಯುವ ಹೊತ್ತಿಗೆ ಹುಡುಗರು ಇಂಗ್ಲಿಷ್ ಪದ ಕಲಿತು ಹೋಗಿರುತ್ತಾರೆ. ನಂಬರಿನ ಪದ್ಧತಿಯಲ್ಲಿ ಈ ಜಗಳವೇ ಬೇಡ. ನಾಲ್ಕು ಪದವೂ ಇರಲಿ, ಶೇಂಗಾ ಕೂಡ ಇರಲಿ, ಕಡಲೆಕಾಯಿಯೂ ಇರಲಿ. ಒಂದನ್ನು ಮುಂದಿಟ್ಟು ಉಳಿದದ್ದನ್ನು ಪಕ್ಕದಲ್ಲಿ ಇಡೋಣ. ಯಾವ ಹೆಸರಿನಿಂದ ಹುಡುಕಿದರೂ ಅದೇ ಮನೆಗೆ ಬಂದು ಸೇರಲಿ.

ನಮ್ಮ ಅಚ್ಚುಕೂಟದವರ ಪಾಪವೂ ಇದರಲ್ಲಿ ಇದೆ, ಮುಚ್ಚಿಡುವುದಿಲ್ಲ. ವರ್ಷಾನುಗಟ್ಟಲೆ ನಾವು ಕನ್ನಡವನ್ನು ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದೆವು. ಪರದೆಯ ಮೇಲೆ ಕಾಣುವುದು ಕನ್ನಡ, ಕಡತದ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೊಂದಲ. ನನ್ನ ಬಳಿ ರೈತರಿಗಾಗಿ ಅಚ್ಚು ಹಾಕಿದ ಎಷ್ಟೋ ಕೈಪಿಡಿಗಳ ಸಿಡಿಗಳಿವೆ. ಜೋಳ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಯುನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಸ್ವಂತ ನಂಬರು ಇದೆ. ‘ಕ’ಕ್ಕೆ 3221, ‘ಜ’ಕ್ಕೆ 3228. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರು. ಜಾಗ ಕೊಟ್ಟರೂ ಎಷ್ಟೋ ವರ್ಷ ನಾವು ಹೋಗಿ ಕೂರಲಿಲ್ಲ! ಈಗ ಬಿಡುವಾದಾಗಲೆಲ್ಲ ಒಂದೊಂದೇ ಹಳೆಯ ಕಡತವನ್ನು ಬದಲಾಯಿಸುತ್ತಾ ಕೂತಿದ್ದೇನೆ. ಮೊಳೆ ಬಿಚ್ಚಿ ಮನೆಗೆ ಹಾಕುವ ಕೆಲಸವೇ ಅದು.

ಗೆಳೆಯರೆ, ನಿಮ್ಮಲ್ಲಿ ಎಷ್ಟೋ ಜನ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುತ್ತೀರಿ. ಕೃಷಿ, ವೈದ್ಯ, ಎಂಜಿನಿಯರಿಂಗ್ ಓದುತ್ತೀರಿ. ನಾನು ಮೂರು ಕೆಲಸ ಕೇಳುತ್ತೇನೆ.

ಒಂದು, ಕನ್ನಡದಲ್ಲಿ ಏನೇ ಅಂಕಿಅಂಶ ಬರೆದರೂ ಯುನಿಕೋಡ್‌ನಲ್ಲಿ ಬರೆಯಿರಿ. ಅದರ ಜೊತೆ ಊರು, ತಾರೀಖು, ಅಳತೆ, ಲ್ಯಾಟಿನ್ ಹೆಸರು ಬರೆಯಿರಿ.

ಎರಡು, ವಿಕಿಡೇಟಾ ಎಂಬ ತೆರೆದ ಭಂಡಾರ 2012ರಿಂದ ಇದೆ. ಅಲ್ಲಿ ಪ್ರತಿ ವಸ್ತುವಿಗೂ ಒಂದು ನಂಬರು, ಅದರ ಕೆಳಗೆ ಯಾವ ಭಾಷೆಯ ಹೆಸರನ್ನಾದರೂ ಯಾರು ಬೇಕಾದರೂ ಸೇರಿಸಬಹುದು. ಯಾರ ಅಪ್ಪಣೆಯೂ ಬೇಡ. ವಾರಕ್ಕೆ ಹತ್ತು ಕನ್ನಡ ಹೆಸರು ಸೇರಿಸಿ. ಗೊತ್ತಿಲ್ಲದ್ದನ್ನು ಊಹಿಸಿ ಬರೆಯಬೇಡಿ, ತಪ್ಪು ಮನೆಗೆ ಹಾಕಿದ ಮೊಳೆ ಇಲ್ಲದ ಮೊಳೆಗಿಂತ ಕೆಟ್ಟದ್ದು.

ಮೂರು, ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳು, ಸರ್ಕಾರಿ ಇಲಾಖೆಗಳು ತಮ್ಮ ಲೆಕ್ಕಗಳನ್ನು ಕನ್ನಡದ ಹೆಸರು ಮತ್ತು ಕಾಯಂ ನಂಬರು ಎರಡನ್ನೂ ಹಾಕಿ ಜನರ ಕೈಗೆ ಕೊಡಬೇಕು ಎಂದು ಒತ್ತಾಯ ಮಾಡಿ. ನಾಮಫಲಕಕ್ಕೆ ಬೀದಿಗಿಳಿದಂತೆ ಇದಕ್ಕೂ ಇಳಿಯಿರಿ. ಆಗ್ರೋವಾಕ್‌ನಂಥ ಪಟ್ಟಿಗೆ ಕನ್ನಡದ ಪದ ಕಳಿಸುವ ಹೊಣೆ ಯಾರದು ಎಂದು ಹೆಸರು ಹಿಡಿದು ಕೇಳಿ.

ಆ 2000 ಮುಖಪುಟಗಳ ಕಥೆ ಮುಗಿಸುತ್ತೇನೆ. ನಾನು ಅವನ್ನು ರದ್ದಿಗೆ ಹಾಕಲಿಲ್ಲ. ಕತ್ತರಿಸಿ ಚೀಟಿ ಮಾಡಿಟ್ಟೆ. ಒಂದು ಬದಿಯಲ್ಲಿ ಮುಸುಕಿನ ಜೋಳದ ಚೂರು ಚಿತ್ರ, ಇನ್ನೊಂದು ಬದಿ ಖಾಲಿ. ಬಾಗಿಲ ಬಳಿ ಒಂದು ಕಟ್ಟು ಇಟ್ಟಿದ್ದೇನೆ. ಹೋಗುವಾಗ ಐದೈದು ತೆಗೆದುಕೊಂಡು ಹೋಗಿ. ಈ ಪತ್ರಿಕೆಯಲ್ಲಿ ಓದುತ್ತಿರುವವರಿಗೆ ಯಾವ ಹಾಳೆಯಾದರೂ ಸರಿ. ಊರಿಗೆ ಹೋದಾಗ ನಿಮ್ಮ ಅಜ್ಜಿಯನ್ನು, ಮಾವನನ್ನು ಕೇಳಿ. ಈ ಕಾಳಿಗೆ ನಿಮ್ಮಲ್ಲಿ ಏನನ್ನುತ್ತೀರಿ, ಈ ಹುಳಕ್ಕೆ ಏನನ್ನುತ್ತೀರಿ, ಈ ಗಿಡಕ್ಕೆ ಏನನ್ನುತ್ತೀರಿ. ಹೆಸರು, ಊರು, ತಾರೀಖು ಬರೆದು ತನ್ನಿ. ಅವರು ಇರುವಾಗಲೇ ಬರೆದು ತನ್ನಿ. ಬರೆದದ್ದನ್ನು ಅದರ ಮನೆಗೆ ಸೇರಿಸುವ ಕೆಲಸಕ್ಕೆ ನಾನೂ ಕೂರುತ್ತೇನೆ.

ಜೈ ಕರ್ನಾಟಕ!